ಗಾಡಿ ನನ್ನ ಹೆಸರಲೇ ಐತಿ

…ಅತ್ತರ ಹೋದ ಕಾಲ ಹೊಳ್ಳಿ ಬರತೈತೇನು? ಸುಮ್ನ ತೊಟ್ಟ ಬಿಡಸು. ಮೆಣಸಿನಕಾಯಿ ಘಾಟ ಅಂತ ಹೇಳಿ ಕಣ್ಣ ಒರಸಿಕೋತ ಕುಂತರ ನನಗ ತಿಳಿಯಂಗಿಲ್ಲ ಅಂತ ಮಾಡೀದಿ? ಬ್ಯಾಡಗಿ ಕಾಯಿಗೆ ಘಾಟ ಎಲ್ಲೈತಿ, ಬರೇ ಬಣ್ಣ. ರಾಣೇಬೆನ್ನೂರಾಕಿಗೆ ಅದೆಲ್ಲಿ ಗೊತ್ತಾಗಬೇಕು.

ಸಣ್ಣಕ ಮಾತಾಡೂಣು, ಒಳಗ ಮಾಂತೇಶ ಮಲಗ್ಯಾನ. ದವಾಖಾನಿಯಿಂದ ಬಂದು ಹನ್ನೆರಡ ದಿನ ಆತು, ಇವತ್ತ ಒಂದೀಟ ನಿದ್ದಿ ಹತ್ತೇತಿ ನನ್ನ ಮಗಗ. ಮೂವತ್ತು ತುಂಬಿಲ್ಲ ಅವಗ, ಮೊಣಕಾಲ ಕೆಳಗ ಏನೂ ಉಳದಿಲ್ಲ. ಮತ್ತ ನೀ? ಅದ ಗಾಡಿಯಾಗ ಹೋದಾಕಿ. ನಿನಗೊಂದ ಗೀರ ಬಿದ್ದಿಲ್ಲ, ಕೈಯಾಗಿನ ಬಳಿ ಸುದ್ದಾ ಒಡದಿಲ್ಲ. ಓಣ್ಯಾಗಿನ ಮಂದಿ ಕೇಳತಾರ ನನ್ನ, ಹೆಂಗವ್ವಾ ಇದು ಅಂತ. ಏನ ಹೇಳಲಿ? ಸೊಸಿ ಕಾಲ್ಗುಣ ಅಂತ ಹೇಳೇನಿ. ಹೂಂ, ಹೇಳೇನಿ. ಹಿಂದೊಂದು ಮುಂದೊಂದು ಮಾತಾಡೂದು ಈ ನೀಲಗಂಗವ್ವಗ ಗೊತ್ತಿಲ್ಲ.

ಯಾಕ ನಗತಿ? ನಗಲಿಲ್ಲ? ನಾ ನೋಡಿದೆ, ತುಟಿ ಅಳ್ಳಾಡಿದ್ವು.

ನೀ ಈ ಮನಿ ಹೊಸ್ತಲಾ ದಾಟಿ ಆರ ತಿಂಗಳ ಆಗಿರಲಿಲ್ಲ, ಆ ಗಾಡಿ ನಡನಡಕ ನಿಂದ್ರಾಕ ಸುರು ಮಾಡಿತು. ನಿಮ್ಮಪ್ಪ ಹಾಲಸಿದ್ದಪ್ಪ ಲಗ್ನದಾಗ ಮಾಲಿ ಹಾಕಿ ಮಂದಿ ಮುಂದ ಮೆರಸಿ ಕೊಟ್ಟ ಗಾಡಿ. ಕಾಗಿನೆಲಿ ದಾರ್ಯಾಗ ಒಮ್ಮೆ, ಸಂತಿ ಮುಂದ ಒಮ್ಮೆ… ಓಡಾಕತ್ತದ್ದು ಫಕ್ಕನ ಬಂದ್. ನಿಂಬಿಹಣ್ಣ ಕಟ್ಟಿಸಿದೆ, ಕಾಯಿ ಒಡಿಸಿದೆ. ಗ್ಯಾರೇಜಿನ ಶಮಶೇರಸಾಬ ಬಾನೆಟ್ ತಗದು ನೋಡಿ, ಅವ್ವಾರ, ಇದು ನನ್ನ ಕೈಯಾಗಿನ ಕೆಲಸ ಅಲ್ಲ, ಶೋರೂಮಿಗೆ ಒಯ್ರಿ ಅಂದ. ಶೋರೂಮ್ ಯಾಕ ಬೇಕು, ಕೊಟ್ಟಾಂವ ಕುಂತಾನಲ್ಲ ರಾಣೇಬೆನ್ನೂರಾಗ. ನಾನ ಫೋನ್ ಹಚ್ಚಿ ಹೇಳಿದೆ ನಿಮ್ಮಪ್ಪಗ. ಬೀಗರ, ನಿಮ್ಮ ಗಾಡಿ ನಮ್ಮ ಮರ್ಯಾದಿ ಕಳಿಯಾಕತ್ತೇತಿ, ಇದನ್ನ ತಗೊಂಡು ಏಳ ಮಂದಿ ಕುಂದ್ರೂವಂಥಾ ದೊಡ್ಡದು ಕೊಡ್ರಿ ಅಂದೆ. ತಪ್ಪೇನು? ನೋಡೂಣ್ರಿ, ನೋಡೂಣ್ರಿ ಅನಕೋತ ತಿಂಗಳ ದೂಡಿದ ಆ ಮನಷ್ಯಾ. ಅದಕ್ಕ ಆ ಐತವಾರ ನಿಮ್ಮಿಬ್ಬರನ್ನ ನಾನ ಕಳಿಸಿದೆ. ಹೋಗ್ರಿ, ಅದ ಗಾಡಿಯಾಗ ಹೋಗ್ರಿ, ಅವರ ಮನಿ ಮುಂದ ನಿಂತ್ರ ಅವರ ಕಣ್ಣಿಗೂ ಬೀಳಲಿ ಅಂತ.

ಅಲ್ಲೀತನಕಾನೂ ಹೋಗಲಿಲ್ಲ. ಮೋಟೆಬೆನ್ನೂರ ದಾಟಿ ಹೈವೇ ನಡಕ ನಿಂತಿತು. ಅಂವ ಇಳದು ಬಾನೆಟ್ ಎತ್ತಾಕತ್ತಾನ, ನೀ ರಸ್ತಾದ ಕಂಬಿ ಕಡೆ ನಿಂತು ನಿಮ್ಮಪ್ಪಗ ಫೋನ್ ಹಚ್ಚೀದಿ. ಹಿಂದಿಂದ ಗೋವಿನಜೋಳದ ಲಾರಿ ಬಂದು ಗಾಡಿಗೆ ಗುದ್ದಿತು, ಗಾಡಿ ಅವನ ಮ್ಯಾಲೆ ಹೋತು. ನೀ ಫೋನ್ ಹಿಡಕೊಂಡ ನಿಂತಿದ್ದಿ. ಗಂಡಗ ಒಂದ ಮಾತ ಹೇಳಾಕ ಬರಲಿಲ್ಲ ನಿನಗ? ಬಿ.ಕಾಂ. ಓದೀದಿ ಅಂತ ನಿಮ್ಮವ್ವ ಊರ ತುಂಬ ಹೇಳಿಕೋತ ತಿರಗತಾಳ. ಇಂಜಿನ್ ಬಂದಾದ ಕೂಡ್ಲೆ ಸ್ಟೇರಿಂಗ್ ಬಿರಸ ಆಗತೈತಿ, ಅಂಜಬಾರದು, ಬ್ರೇಕ್ ಗಟ್ಟಿ ಆಗತೈತಿ, ಜೋರಲೆ ಒತ್ತಬೇಕು. ಓಟ ಇರೂದ್ರಾಗ ಎಡಕ್ಕ ತಗೊಂಡು ಬಿಳಿ ಗೆರಿ ಆಚೆ ನಿಲ್ಲಸಬೇಕು. ನಾಕೂ ದೀಪಾ ಮಿಣಕಸಬೇಕು. ಬಾನೆಟ್ ಎತ್ತಾಕ ಹೋಗಲೇಬಾರದು. ಎಲ್ಲಾರೂ ಇಳದು ಕಂಬಿ ಆಚೆ ನಿಂತು ಶೋರೂಮಿನವರಿಗೆ ಫೋನ್ ಮಾಡಿದ್ರ ಅವರ ಬಂದು ಎಳಕೊಂಡ ಹೋಗತಾರ. ಇಷ್ಟ ತಿಳಿಯೂದಿಲ್ಲ…

ಯಾಕ ಹಂಗ ನೋಡತಿ?

ನನಗ ಹೆಂಗ ಗೊತ್ತಂದ್ರ… ಎಲ್ಲಾರಿಗೂ ಗೊತ್ತಿರತೈತಿ ಅದು. ಟಿವ್ಯಾಗ ಹೇಳಿದ್ರು. ಯಾವ ಟಿವಿ ಅಂತೇನು ನೋಡತಿ, ಇದ ಟಿವಿ. ನಾ ಸ್ಟೇರಿಂಗ್ ಮುಟ್ಟಿದಾಕಿ ಅಲ್ಲ, ಖರೇ. ಮುಟ್ಟದಾಕಿಗೆ ಗೊತ್ತಿರಬಾರದು ಅಂತ ಕಾಯ್ದೆ ಐತೇನು? ತೊಟ್ಟ ಬಿಡಸು. ಕೈ ಯಾಕ ನಿಂತ್ವು? ಶಮಶೇರಸಾಬ ಹೇಳಿದ್ದ, ಹೂಂ, ಅಂವನ ಹೇಳಿದ್ದ. ಕೇಳ ಹೋಗು ಅವನ್ನ… ಬ್ಯಾಡ, ಅವನ್ನೇನ ಕೇಳತಿ ಬಿಡು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಿಕೊಳ್ಳಾಕ ನಾ ಏನ ಮಾಡೇನಿ?

ಏನರ ಅನ್ನು. ಬೈಯಿ ಬೇಕಾದ್ರ.

ಗಾಡಿ ನನ್ನ ಹೆಸರಲೇ ಐತಿ. ಗೊತ್ತೈತಿ ನಿನಗ. ಲಗ್ನದ ಮೊದಲ ನಾನ ಹಟಾ ಹಿಡದು ಬರಸಿಕೊಂಡಿದ್ದೆ. ನಾಳಿ ಸೊಸಿ ಜಗಳಾಡಿ ತವರಮನಿಗೆ ಹೊಂಟರ ಗಾಡಿ ಹೊಡಕೊಂಡ ಹೋಗಬಾರದಂತ. ಫೋನ್ ನಂಬರೂ ನಂದ ಕೊಟ್ಟಿದ್ದೆ. ಹಂಗಾರ ಫೋನ್ ಯಾರಿಗೆ ಬರತೈತಿ? ನನಗ ಬರತೈತಿ. ಬಂತು.

ಮೂರ ಸಲ ಬಂತು. ಕಾಗದಾನೂ ಬಂತು, ಓದಿ ಹಿಟ್ಟಿನ ಡಬ್ಬಿ ಅಡ್ಯಾಗ ಇಟ್ಟೆ. ಆ ಶೋರೂಮಿನ ಹುಡಿಗಿ ಭಾಳ ಚೊಲೋ ಮಾತಾಡಿದಳು. ಎಣ್ಣಿ ಎತ್ತೂ ಪಂಪನ್ಯಾಗ ದೋಷ ಐತ್ರಿ ಅಮ್ಮಾರ, ಆ ನಮೂನಿ ಗಾಡಿ ಎಲ್ಲಾ ಕಂಪನಿಯವರ ವಾಪಸ್ ಕರಸಾಕತ್ತಾರ, ಪುಗಸಟ್ಟೆ ಹೊಸಾ ಪಂಪ್ ಹಾಕಿ ಕೊಡತೇವಿ, ಮುಂಜಾನಿ ಬಿಟ್ರ ಸಂಜಿಕ ಒಯ್ರಿ ಅಂದಳು. ಅಲ್ಲೀತನಕ ಹೈವೇಕ್ಕ ಒಯ್ಯಬ್ಯಾಡ್ರಿ ಅಂದಳು. ಅಕಸ್ಮಾತ್ ನಿಂತ್ರ ಏನ ಮಾಡಬೇಕು, ಅದನ್ನ ಎರಡೆರಡ ಸಲ ಹೇಳಿದಳು. ಮನ್ಯಾಗ ಗಾಡಿ ಹೊಡಿಯೂರಿಗೆ ಹೇಳ್ರಿ ಅಂದಳು. ಹೂಂ ಹೂಂ ಅಂದು ಇಟ್ಟೆ.

ಹಂಗ ನೋಡಬ್ಯಾಡ. ಹೇಳತೇನಿ.

ರಿಪೇರಿ ಆದ್ರ ಅದು ಚೊಲೋ ಓಡತಿತ್ತು. ಚೊಲೋ ಓಡಿದ್ರ ನಿಮ್ಮಪ್ಪ ದೊಡ್ಡ ಗಾಡಿ ಯಾಕ ಕೊಡತಿದ್ದ? ಅಷ್ಟ. ಅಷ್ಟಕ್ಕ ಸುಮ್ನಿದ್ದೆ. ಇನ್ನೊಂದ ನಾಕ ಸಲ ನಿಂತ್ರ ಬೀಗರು ತಾವ ಸೋತು ಬರತಾರ ಅಂತ ಮಾಡಿದ್ದೆ. ಊರಾಗ ನಿಂತಾಗ ನೀನೂ ನೋಡೀದಿ, ಅಂಗಡಿ ಮಂದಿ ನಕ್ಕೋತ ಬಂದು ದೂಡತಿದ್ರು. ಹೈವೇನ್ಯಾಗೂ ಹಂಗ ದೂಡತಾರ ಅಂತ ತಿಳದಿದ್ದೆ ನಾ. ಇಲ್ಲ… ಸುಳ್ಳ ಯಾಕ ಹೇಳಲಿ. ಆ ಹುಡಿಗಿ ಲಾರಿ ಮಾತೂ ಹೇಳಿದ್ದಳು. ಹಿಂದ ಬರೂ ಗಾಡಿಗೆ ಗೊತ್ತಾಗೂದಿಲ್ರಿ ಅಂದಿದ್ದಳು.

ಶ್ವೇತಾ… ಅವ್ವಾ, ತಾಯಿ. ಮಾಂತೇಶಗ ಹೇಳಬ್ಯಾಡ. ನಿನ್ನ ಕಾಲ್ಗುಣದ ಮಾತ ಇನ್ನ ನನ್ನ ಬಾಯಾಗ ಬಂದ್ರ ಕೇಳು. ಓಣ್ಯಾಗ ಮನಿ ಮನಿಗೆ ಹೋಗಿ ಹೇಳಿ ಬರತೇನಿ, ನನ್ನ ಸೊಸಿದು ತಪ್ಪಿಲ್ಲ ಅಂತ. ಟ್ರೆಜರಿ ಕಪಾಟಿನ ಕೀಲಿ ನೀನ ಇಟ್ಕೋ. ಅಂವನ ಅಪ್ಪ ಹೋದ ಮ್ಯಾಲೆ ಅಂವ ಒಬ್ಬನ ನನಗ. ಅಂವ ಅವ್ವಾ ಅನ್ನೂದ ಬಿಟ್ರ ನಾ ಇದ್ದೂ ಸತ್ತಂಗ. ಹೇಳತಿಯೇನು? ಹೇಳಂಗಿಲ್ಲೇನು? ತಲಿಯರ ಅಳ್ಳಾಡಸು.

ನನ್ನ ಯಾಕ ನೋಡವಲ್ಲಿ? ನನ್ನ ಹಿಂದ ಏನ ನೋಡಾಕತ್ತಿ?

…ಮಾಂತೇಶಾ. ಎದ್ದೀಯೇನಪಾ? ಯಾವಾಗ ಎಚ್ಚರ ಆತು? ಬಾಗಲಾ ನಾ ಮುಂದ ಮಾಡಿ ಬಂದಿದ್ದೆ, ಪೂರಾ ಹತ್ತಿರಲಿಲ್ಲೇನು… ನೀರ ತರಲೇನು? ಗುಳಿಗಿ ಹೊತ್ತ ಆತೇನು? ಇತ್ಲಾಗ ನೋಡಪಾ. ಗ್ವಾಡಿ ಕಡೆ ಯಾಕ ಹೊಳ್ಳತಿ? ನಿಮ್ಮವ್ವ ಅದೇನಿ, ನಾನ ಬರತೇನಿ ತಡಿ.

ಆತಪಾ. ಬರಂಗಿಲ್ಲ. ಬರಂಗಿಲ್ಲ ಅಂದೆ.

ಏಳವಾ ಶ್ವೇತಾ, ನಿನ್ನ ಕರಿಯಾಕತ್ತಾನ. ಲಗೂ ಹೋಗು. ಅವ್ವ ಒಳಗ ಬರಲೇನು ಅಂತ ಕೇಳು ಅವನ್ನ. ಈಗ ಬ್ಯಾಡ, ಗುಳಿಗಿ ತಗೊಂಡ ಮ್ಯಾಲೆ ಕೇಳು. ನಾ ಇಲ್ಲೇ ಕುಂತಿರತೇನಿ. ಕೇಳಿ ಬಂದು ಹೇಳು.