ಬಿರುಕಿಗೆ ಜೀವ ಐತೇನು?

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾದಿದ್ದ ಅಮಾತೆಪ್ಪನ ಕಿವಿಗೆ ಪಕ್ಕದ ಕಟ್ಟೆಯ ಮಾತು ಬಿತ್ತು. ಭೂಕಂಪದ ಜಾಡು ಹುಡುಕಲು ಬಂದಿದ್ದ ಶುಭದಾ, ನೀಲಾಬಾಯಿಗೆ ಲ್ಯಾಪ್‌ಟಾಪಿನಲ್ಲಿ ಅವಳ ಊರಿನ ನಕಾಶೆ ತೋರಿಸುತ್ತಿದ್ದಳು.

"ಈ ಕೆಂಪು ಗೆರಿ ನಮ್ಮ ಮನಿ ಮ್ಯಾಲೇ ಯಾಕ ಹೊಂಟೈತೆವ್ವಾ?"

"ಅಲ್ಲಿ ನೆಲದಾಗ ಜೀವಂತ ಬಿರುಕು ಇರಬಹುದ್ರಿ, ಅಜ್ಜಿ."

"ಶಿವನೇ! ಬಿರುಕಿಗೆ ಜೀವ ಐತೇನು?"

"ಅಂದ್ರ, ಮುಂದ ಯಾವಾಗರ ಅಲುಗಬಹುದ್ರಿ. ನಾಳೆ ಅಗದು ನೋಡ್ತೇವಿ."

"ಬ್ಯಾಡವ್ವಾ, ಮಲಗಿದ್ದನ್ನ ಕೆದರಿ ಎಬ್ಬಿಸಬ್ಯಾಡ."

"ಅಗದರ ಏಳೂದಿಲ್ರಿ, ನಿಮ್ಮಾಣಿ. ತಾನಾಗೇ ಎದ್ದರ ಮಾತ್ರ ನಮ್ಮ ಕೈಯಾಗಿಲ್ಲ."

"ಮಗಳು ಬಾಣಂತಿ ಅದಾಳ. ಕೂಸಿಗೆ ಇನ್ನೂ ಒಂಬತ್ತ ದಿನ. ಇವತ್ತ ಅವರನ್ನ ಎಲ್ಲಿ ಮಲಗಿಸ್ಲಿ?"

ಅಮಾತೆಪ್ಪ ಮನಸ್ಸಿನಲ್ಲೇ ಬಸವಣ್ಣನನ್ನು ನೆನೆದ.

ಬಾದಾಮಿ ಬಸ್ಸು ಬಂತು. ಶುಭದಾ ಲ್ಯಾಪ್‌ಟಾಪು ಮುಚ್ಚಿದಳು.

"ನಡೀರಿ, ಇವತ್ತ ನಾನೂ ನಿಮ್ಮ ಮನ್ಯಾಗ ಮಲಗ್ತೇನಿ."

ಇಬ್ಬರೂ ಒಬ್ಬರ ಕೈ ಒಬ್ಬರು ಬಿಡದೆ ಬಸ್ಸು ಹತ್ತಿದರು.