ಹೊಳೆಯ ಮೇಲಿನ ತಂತಿ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಸದಲಗಾ ಬಸ್ಸಿಗೆ ಕಾಯುತ್ತಿದ್ದ ಸುಲ್ತಾನಬಿಯ ಕಿವಿಗೆ ಹಿಂದಿನ ಬೆಂಚಿನಿಂದ ಒಂದು ಮಾತು ಬಿತ್ತು.

"ಪ್ರಾಜಕ್ತಕ್ಕಾ, ಮೊನ್ನಿ ನಿನ್ನ ತಂತಿಗೆ ಬಡದು ನಾ ಸತ್ತೆ."

ಅವಳು ಗಾಬರಿಯಿಂದ ತಿರುಗಿದಳು. ಮಿಲಿಟರಿ ಕಟಿಂಗಿನ ಆ ಸತ್ತವನು ಶೇಂಗಾ ತಿನ್ನುತ್ತಿದ್ದ.

"ಪರದೆ ಮುಂದ ಕುರ್ಚಿ ಮ್ಯಾಲ ಕುಂತು ಸತ್ತಿ ಅಲ್ಲಾ ಸಂಗ್ರಾಮ. ಎದ್ದು ಚಾ ಕುಡದಿ," ಎಂದಳು ಪಕ್ಕದಲ್ಲಿ ಕುಳಿತಿದ್ದ ಅಕ್ಕ.

"ಮೊದಲ ಆ ಟ್ರೇನಿಂಗ್ ಸಾಫ್ಟ್‌ವೇರಿನ್ಯಾಗ ಹೊಳಿ ಅಷ್ಟ ಇತ್ತು. ಎಲ್ಲಾರೂ ಆರಾಮ ಹೆಲಿಕಾಪ್ಟರ್ ಹಾರಸ್ತಿದ್ರು. ತಂತಿ ನೀ ಯಾಕ ಹಾಕಿದಿ?"

"ಅದರಾಗ ಬಿಟ್ಟುಹೋಗಿದ್ದು ಹಾಕಾಕನ ಕಂಪನಿ ನನಗ ಪಗಾರ ಕೊಡತೈತಿ. ನಮ್ಮ ಯಡೂರಾಗ ಪಂಪಿನ ಕರೆಂಟ್ ತಂತಿ ಹೊಳಿ ದಾಟಿ ಬರೂದಿಲ್ಲೇನು? ಮಹಾಪೂರ ಬಂದ್ರ ಮಂದೀನ ಎತ್ತಾಕ ನೀವು ಅಲ್ಲೇ ಬರ್ತೀರಿ."

"ಸೋಮವಾರ ಮತ್ತ ಪರೀಕ್ಷಾ ಐತಿ. ಈ ಸಲ ಫೇಲ್ ಆದ್ರ ನನ್ನ ಪೈಲಟ್‌ಗಿರಿ ಮುಗೀತು. ಎಲ್ಲೆಲ್ಲಿ ತಂತಿ ಅದಾವ, ಅಷ್ಟ ಹೇಳ."

"ಹೇಳಾಂಗಿಲ್ಲ."

"ಸ್ವಂತ ತಮ್ಮಗ?"

"ಸ್ವಂತ ತಮ್ಮ ಅಂತನ."

ತಮ್ಮ ಮುಖ ತಿರುಗಿಸಿ ಶೇಂಗಾ ಸುಲಿಯತೊಡಗಿದಾಗ ಅಕ್ಕ ಅವನ ಕಡೆ ಬಾಗಿದಳು.

"ಹಾರೂವಾಗ ತಂತಿ ಕಣ್ಣಿಗೆ ಕಾಣಾಂಗಿಲ್ಲೋ ತಮ್ಮಾ. ಅದನ್ನ ಹುಡುಕಬ್ಯಾಡ. ಹೊಳಿ ದಂಡಿ ಮ್ಯಾಲಿನ ಕಂಬ ನೋಡ. ಕಂಬ ಇದ್ದಲ್ಲಿ ತಂತಿ ಇರತೈತಿ."

"ಇದನ್ನ ಪರೀಕ್ಷಾಕ್ಕ ಹೇಳಿದ್ಯೋ, ಯಡೂರಿನ ಮಹಾಪೂರಕ್ಕ ಹೇಳಿದ್ಯೋ?"

"ಬಸ್ ಬಂತು, ಹತ್ತ."

ಮಿರಜ ಬಸ್ಸು ಬಂದಿತ್ತು. ಅವನು ಉಳಿದ ಶೇಂಗಾವನ್ನು ಅಕ್ಕನ ಕೈಗೆ ಸುರಿದು ಹತ್ತಿದ. ಕಿಟಕಿಯ ಪಕ್ಕ ಕುಳಿತವನು ಅವಳಿಗೆ ಕೈ ಬೀಸುವುದನ್ನೂ ಮರೆತಿದ್ದ. ಬಸ್ಸು ರಸ್ತೆಗೆ ಹೊರಳುವಾಗ ರಸ್ತೆ ಬದಿಯ ಕಂಬಗಳನ್ನು ಒಂದೊಂದಾಗಿ ನೋಡುತ್ತಿದ್ದ.

ಅದನ್ನು ಕಂಡ ಮೇಲೆಯೇ ಅಕ್ಕ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಯಡೂರಿನ ಬಸ್ಸಿನ ಕಡೆ ಹೊರಟಳು.