ಹಳೇದು ಯಾವುದು, ಹೊಸದು ಯಾವುದು

ಅಯ್ಯೋ, ಅದರ ಮೇಲೆ ಲೋಟ ಇಡಬೇಡ ಮಾರಾಯ! ಮೂವತ್ತೊಂದು ವರ್ಷದಿಂದ ಆ ಸ್ಪೀಕರ್ ಮೇಲೆ ಒಂದು ಹನಿ ನೀರು ಬಿದ್ದಿಲ್ಲ. ನಿಮ್ಮಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಹೂದಾನಿ ಇಟ್ಟಿದ್ಲು, ಎರಡು ದಿನ ಮಾತು ಬಿಟ್ಟಿದ್ದೆ... ನಗು, ನಗು. ಅವಳೂ ಹೀಗೇ ನಗ್ತಾಳೆ. ಕೊಡಿಲ್ಲಿ, ಕಿಟಕಿ ಹತ್ರ ಇಡ್ತೀನಿ. ಟೀಗೆ ಸಕ್ಕರೆ ಜಾಸ್ತಿ ಆಯ್ತಾ? ಅವಳು ಆಫೀಸಿಂದ ಬರೋಕೆ ಇನ್ನೂ ಮುಕ್ಕಾಲು ಗಂಟೆ. ಅಲ್ಲೀವರೆಗೂ ನನ್ನ ಕೈ ಟೀನೇ ಗತಿ.

ಏನ್ ಹೇಳ್ತಿದ್ದೆ? ಹಾಂ. ಈ ಹಳೇ ಸ್ಪೀಕರ್ ಬದಲಾಯಿಸೋದಾ, ಬೇಡ್ವಾ. ನೀನೇ ಹೇಳಿಬಿಡು. ಭಾವ ಅನ್ನೋ ದಾಕ್ಷಿಣ್ಯ ಬೇಡ. ಊರಲ್ಲಿರೋ ಹಳೇ ಸ್ಪೀಕರಿಗೆಲ್ಲ ನೀನೇ ಡಾಕ್ಟರು, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ಟುಡಿಯೋ ಯಜಮಾನರು ಐದು ಗಂಟೆಗೆ ಫೋನ್ ಮಾಡ್ತಾರೆ. ನಾನು ಹೂಂ ಅಂದ್ರೆ ನಿನ್ನೆ ಅಂಗಡಿಯಿಂದ ಬಂದ ಈ ಹೊಸ ಜೋಡಿ ಇಲ್ಲೇ ಉಳಿಯುತ್ತೆ, ಹಳೇದು ಆಚೆಗೆ. ಬೇಡ ಅಂದ್ರೆ... ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತಾರಲ್ಲ. ಅದೇ ತಲೆನೋವು.

ನೋಡು ಹೊಸದನ್ನ. ಊಟದ ಡಬ್ಬಿ ಥರ ಇದೆ! ನಮ್ಮದು ನೋಡು, ಬೀರು. ಬಸ್ಸಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ತಂದಿದ್ದು ಕಣೋ, ಒಂದು ದಿನ ಒಂದು, ಮಾರನೇ ದಿನ ಇನ್ನೊಂದು. ಎರಡನೇ ದಿನ ಕಂಡಕ್ಟರ್ ಅಂದ, 'ನಿನ್ನೆ ಅಣ್ಣ ಬಂದಿದ್ದ, ಇವತ್ತು ತಮ್ಮನಾ?' ಅಂತ. ನನ್ನ ಮಗಳು ಹೊಟ್ಟೆನೋವಿಗೆ ಅಳುವಾಗ ಇದರ ಮುಂದೆ ಮಲಗಿಸ್ತಿದ್ವಿ. ಆ ದಪ್ಪ ದನಿಗೆ ಎದೆ ಅದುರಿ ಅದುರಿ ನಿದ್ದೆ ಹೋಗ್ತಿತ್ತು ಕೂಸು. ಇಂಥದ್ದನ್ನ ಬಿಸಾಕು ಅಂದ್ರೆ ಯಾರಿಗಾದ್ರೂ ಮನಸ್ಸು ಬರುತ್ತಾ?

ಹಾಗಾದ್ರೆ ಯಾಕೆ ಬದಲಾಯಿಸ್ತೀಯ ಅಂತಾನಾ? ಅಯ್ಯೋ, ಗೊತ್ತಿದ್ದೂ ಕೇಳ್ತೀಯಲ್ಲ. ಆ ಹುಡುಗಿ ಹಾಡಿಂದ!

ನೋಡು, ಸ್ಟುಡಿಯೋದಲ್ಲಿ ಯಾವ ಹಾಡೇ ಆಗಲಿ, ಕೊನೇಲಿ ನಮ್ಮನೆ ಈ ಕುರ್ಚಿಗೆ ಬರಲೇಬೇಕು. ನಾನು ಕೂತು ಕೇಳಿ, ಇಲ್ಲಿ ಒಂಚೂರು ಏರಿಸಿ, ಅಲ್ಲಿ ಒಂಚೂರು ಇಳಿಸಿ, ಸರಿ ಅಂದ ಮೇಲೇ ಅದು ಜನರ ಹತ್ರ ಹೋಗೋದು. ನನ್ನ ಹೆಸರೇ ಮರೆತು ಹೋಗಿದೆ ಅವರಿಗೆ. 'ಕಿವಿ ಬಂದ್ರಾ? ಕಿವಿ ಏನಂದ್ರು?' ಅಂತಾರೆ. ಮೂವತ್ತು ವರ್ಷ ಒಬ್ಬರೂ ಬೆರಳು ತೋರಿಸಿಲ್ಲ. ಈಗ ಆ ಹುಡುಗಿದು ಏಳು ಹಾಡು. ಮೊದಲನೇ ಸಲ ಹಾಡಿದ್ದು ಪಾಪ. ಈ ಹಳೇದರಲ್ಲಿ ಕೇಳಿದೆ, ಮೇಲಿನ ದನಿ ಮಂಕು. ಏರಿಸಿದೆ. ಇನ್ನೂ ಮಂಕು. ಇನ್ನೂ ಏರಿಸಿದೆ! ಹೊರಗೆ ಹೋಯ್ತು ನೋಡು, ಕೇಳಿದೋರೆಲ್ಲ ಕಿವಿ ಮುಚ್ಕೊಂಡ್ರಂತೆ. 'ಸ' ಬಂದಾಗೆಲ್ಲ ಗಾಜು ಕೆರೆದ ಹಾಗಂತೆ. ಆ ಹುಡುಗಿ ಫೋನ್ ಮಾಡಿ ಬೈಯ್ಲಿಲ್ಲ ಕಣೋ, ಅತ್ತಳು. 'ನನ್ನ ಗಂಟಲೇ ಕೆಟ್ಟದಾ ಸರ್?' ಅಂದ್ಲು.

ಇಲ್ಲಮ್ಮ, ನಿನ್ನ ಗಂಟಲಲ್ಲ, ಸ್ಪೀಕರ್ದು ತಪ್ಪು ಅಂದೆ. ಮತ್ತೇನನ್ನಲಿ?

ಏನು, ತುಟಿ ಅಂಚಲ್ಲಿ ನಗ್ತೀಯಾ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ, ಅದೇ ತಾನೇ ನಿನ್ನ ಮನಸ್ಸಲ್ಲಿ? ಅನ್ಕೋ, ಅನ್ಕೋ. ಆದ್ರೆ ನೆಲ ಡೊಂಕಿರೋದೂ ಉಂಟು! ಹಳೇ ಸಾಮಾನು. ಎರಡು ತಿಂಗಳ ಹಿಂದೆ ಆ ದೊಡ್ಡ ಕೋನಿನ ಸುತ್ತ ಇರೋ ಸ್ಪಂಜು ಪುಡಿಪುಡಿಯಾಗಿ ಉದುರಲಿಲ್ವಾ? ನೀನೇ ಬಂದು ಇಲ್ಲೇ ನೆಲದ ಮೇಲೆ ಕೂತು ಹೊಸ ಸುತ್ತು ಅಂಟಿಸ್ಲಿಲ್ವಾ? ಎಷ್ಟು ನಾಜೂಕಾಗಿ ಮಾಡ್ದೆ! ಉಸಿರು ಬಿಗಿ ಹಿಡ್ಕೊಂಡು ಅಂಟಿಸ್ತಿದ್ದೆ. ನಿನ್ನ ಕೆಲಸದಲ್ಲಿ ತಪ್ಪಿದೆ ಅಂತ ನಾನು ಹೇಳ್ತಿಲ್ಲಪ್ಪ. ಹೇಳಿದ್ನಾ? ಆದ್ರೂ ಅದಾದ ಮೇಲೇ ಮಂಕಾಗಿದ್ದು... ಕಾಕತಾಳೀಯ. ಅಷ್ಟೇ.

ಹಾಂ, ಸ್ಟುಡಿಯೋದವರು ನಿನ್ನ ಕರೀತಿಲ್ವಂತೆ. ನನಗೂ ಗೊತ್ತಾಯ್ತು. ತಿಂಗಳಿಂದಾನಾ? ಒಂದು ಕೆಲಸಕ್ಕೂ ಕರೆದಿಲ್ವಾ? ಛೆ. ನಿನ್ನ ಅಂಗಡಿಗೆ ಮುಕ್ಕಾಲು ಕೆಲಸ ಅಲ್ಲಿಂದಾನೇ ಅಲ್ವಾ ಬರ್ತಿದ್ದಿದ್ದು... ಯಾರೋ ಯಜಮಾನರ ಕಿವಿ ಊದಿರ್ತಾರೆ. ಈ ಕಾಲದಲ್ಲಿ ಯಾರನ್ನ ನಂಬೋದು ಹೇಳು. ನಾನಾ? ಛೆ ಛೆ ಛೆ! ಸ್ವಂತ ಭಾವಮೈದುನನ ಬಗ್ಗೆ ನಾನು ಆಡ್ತೀನಾ? ನಿನ್ನ ಹೆಸರೇ ಎತ್ತಿಲ್ಲ ನಾನು. ಕೇಳಿದ್ರೆ ಒಳ್ಳೇದೇ ಹೇಳ್ತೀನಿ. ಟೀ ಆರಿಹೋಗುತ್ತೆ, ಕುಡಿ.

ಏನು? ಬಿಚ್ಚಿ ನೋಡ್ದೆ, ಮೀಟರ್ ಇಟ್ಟೆ, ಎಲ್ಲ ಸರಿಯಾಗೇ ಇದೆ ಅಂತೀಯಾ? ಮೀಟರಿಗೇನ್ ಗೊತ್ತೋ ಸಂಗೀತ! ಕಿವಿಯಲ್ಲಿ ಕೇಳ್ಬೇಕು. ನಿನ್ನೆ ಈ ಹೊಸದನ್ನ ಹಾಕಿ ಕೇಳಿದೆ, ಅಬ್ಬಬ್ಬಾ! ಆ ಹುಡುಗಿ ಉಸಿರು ಎಳ್ಕೊಳ್ಳೋದೂ ಕೇಳಿಸುತ್ತೆ. ಸೂಜಿ ಬಿದ್ರೆ ಸೂಜಿ. ಅಜಗಜಾಂತರ.

ಹಾಂ? ಪರೀಕ್ಷೆ? ನನಗಾ? ಲೋ, ಕಣ್ಣು ಮುಚ್ಕೊಂಡು ಹೇಳ್ತೀನಿ ಯಾವುದು ಹಳೇದು ಯಾವುದು ಹೊಸದು ಅಂತ. ಚಿಕ್ಕ ಹುಡುಗರ ಆಟ ಇದು. ಸ್ಟುಡಿಯೋಗೆ ಬಂದ ಹೊಸಬರಿಗೆಲ್ಲ ನಾನೇ ಈ ಪರೀಕ್ಷೆ ಮಾಡಿದೋನು! ಹಾಕು. ತಂತಿ ನೀನೇ ಬದಲಾಯಿಸ್ಕೋ. ನಾನು ಕಿಟಕಿ ಕಡೆ ತಿರುಗಿ ಕೂತ್ಕೋತೀನಿ. ಹಾಂ, ನೋಡಲ್ಲ, ಆಣೆಗೂ ನೋಡಲ್ಲ. ಅವಳ ಹಾಡನ್ನೇ ಹಾಕು, ಮೂರನೇದು.

...ಹೂಂ. ಇದು ಹಳೇದು. ಬೇಕಾಗೇ ಇಲ್ಲ ಯೋಚನೆ. ಕಂಬಳಿ ಹೊದ್ಕೊಂಡು ಹಾಡಿದ ಹಾಗಿದೆ. ಮುಂದೆ?

...ಆಹಾ! ಬಂತು ನೋಡು! ಇದು ಹೊಸದು. ಕೇಳ್ತಾ ಇದೀಯಾ, ಆ ತಾಳದ ಹೊಳಪು? ಆ 'ಸ' ನೋಡು, ಎಷ್ಟು ಬಿಡಿಸಿ ಬಿಡಿಸಿ... ಇದಕ್ಕೇ ಹೇಳೋದು. ಹಾಕು ಇನ್ನೊಂದು ಸಲ.

...ಇದು ಮತ್ತೆ ಹಳೇದು. ಪಾಪ, ಮುದುಕ. ಮೇಲಕ್ಕೆ ಹತ್ತೋಕ್ಕಾಗ್ತಿಲ್ಲ ಅದಕ್ಕೆ. ಇದು... ಹೊಸದು! ಹೌದು ತಾನೇ? ಸರಿ ತಾನೇ? ಮೂವತ್ತು ವರ್ಷದ ಕಿವಿ ಕಣೋ ಇದು, ಮೋಸ ಮಾಡಲ್ಲ. ಎಷ್ಟಕ್ಕೆ ಎಷ್ಟು ಸರಿ? ಹೇಳು. ಹೇಳೋ... ತಿರುಗ್ಲಾ?

ಏನದು ನಿನ್ನ ಕೈಯಲ್ಲಿ?

ಹೊಸದರ ತಂತಿನಾ... ಸುತ್ತಿದ ಹಾಗೇ ಇದೆಯಲ್ಲ. ದಾರಾನೂ ಬಿಚ್ಚಿಲ್ಲ. ಹಾಗಾದ್ರೆ... ನಿನ್ನೆಯಿಂದ? ನಿನ್ನೆ ನಾನು ಕೇಳಿದ್ದು... ಅಲ್ಲ, ತಂದ ಅಂಗಡಿಯವರು ಜೋಡಿಸಿ ಹೋಗ್ತೀವಿ ಅಂದ್ರು, ನಾನೇ ಬೇಡ ಅಂದೆ, ಆಮೇಲೆ ಜೋಡಿಸೋದೇ ಮರೆತು... ನಾಲ್ಕು ಸಲಾನೂ ಹಳೇದನ್ನೇ ಹಾಕಿದ್ಯಾ? ನಾಲ್ಕು ಸಲಾನೂ?

ಮೋಸ ಕಣೋ ಇದು! ಇದು ಪರೀಕ್ಷೆನಾ? ದೊಡ್ಡೋರ ಹತ್ರ ಹೀಗಾ ಆಡೋದು? ನಿಮ್ಮಕ್ಕನಿಗೆ ಹೇಳ್ತೀನಿ ಇರು... ಟೀ ಬಿಸಿ ಮಾಡಿ ತರ್ಲಾ?

ಆ ತಂತಿ ಕೆಳಗಿಡೋ.

ಹಾಗೆ ನೋಡಬೇಡ. ಬೈದುಬಿಡು, ನಗು, ಏನಾದ್ರೂ ಮಾಡು, ಸುಮ್ನೆ ಹಾಗೆ ನೋಡಬೇಡ... ಸರಿ. ಹೌದು. ಗೊತ್ತಿತ್ತು ನನಗೆ. ಕಿವಿ ಡಾಕ್ಟರ್ ಹತ್ರ ಹೋಗಿದ್ದೆ, ಮೂರು ತಿಂಗಳಾಯ್ತು. ನಿಮ್ಮಕ್ಕನಿಗೆ ಕಣ್ಣಿನ ಡಾಕ್ಟರ್ ಅಂತ ಹೇಳಿ ಹೋಗಿದ್ದೆ. ಒಂದು ಕಾಗದ ಕೊಟ್ರು, ಅದರಲ್ಲಿ ಒಂದು ಗೆರೆ. ನೆಟ್ಟಗೆ ಬರುತ್ತೆ, ಬರುತ್ತೆ, ಆಮೇಲೆ ಧೊಪ್ಪಂತ ಕೆಳಗೆ. ಮೇಲಿನ ದನಿ ಇನ್ನು ವಾಪಸ್ ಬರಲ್ಲ ಅಂದ್ರು. ಯಾರೂ ಮುಟ್ಟದ ಒಂದು ಹಳೇ ರೆಕಾರ್ಡಿನ ಕವರ್ ಒಳಗೆ ಇಟ್ಟಿದ್ದೀನಿ ಆ ಕಾಗದ. ಅಂದ್ರೆ ನೀನು ಸುತ್ತು ಅಂಟಿಸೋಕೆ ಮುಂಚೆನೇ ಕಣೋ. ಮುಂಚೆನೇ ಗೊತ್ತಿತ್ತು.

ಇನ್ನೂ ಏನಿದೆ ಹಾಗೆ ನೋಡೋಕೆ? ಎಲ್ಲ ಹೇಳಾಯ್ತಲ್ಲ.

...ನಾನೇ ಹೇಳಿದ್ದು. ಯಜಮಾನರಿಗೆ. ಅವರು ಏನಾಯ್ತು ಅಂತ ಕೇಳಿದ್ರು, ಎಲ್ಲರೂ ಕೂತಿದ್ರು, ಆ ಹುಡುಗಿನೂ ಇದ್ಲು. 'ರಿಪೇರಿ ಮಾಡಿಸಿದ ಮೇಲೆ ಹೀಗಾಯ್ತು ಸರ್' ಅಂದುಬಿಟ್ಟೆ. 'ಯಾರು ಮಾಡಿದ್ದು?' ಅಂದ್ರು. ಅವರಿಗೆ ಗೊತ್ತಿರೋದೇ ಒಬ್ಬನಲ್ವಾ, ನಿನ್ನ ಹೆಸರು ಹೇಳಿದೆ. ನಿನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತ ಅಲ್ಲ ಕಣೋ! ಬಾಯಿಗೆ ಬಂದುಬಿಡ್ತು. ಕಿವಿ ಹೋಯ್ತು ಅಂತ ಹೇಳಿದ್ರೆ ನಾನ್ಯಾರೋ ಅಲ್ಲಿ? ಯಾರು ನಾನು? ಈಗ ಈ ಹಳೇದನ್ನ ಇಟ್ಕೊಂಡ್ರೆ ನನ್ನ ಕಿವಿ ಹೋಯ್ತು ಅಂತ ಅರ್ಥ. ತೆಗೆದ್ರೆ ನಿನ್ನ ಕೆಲಸ ಕೆಟ್ಟದ್ದು ಅಂತ ಅರ್ಥ. ನಾನೇನ್ ಮಾಡ್ಲಿ? ನೀನೇ ಹೇಳು, ಏನ್ ಮಾಡ್ಲಿ?

ಏನು? ಮೇಜಿನ ಕಡೆ ಯಾಕೆ ನೋಡ್ತೀಯ... ಫೋನಾ? ಆಗ್ಲೇ ಬಡ್ಕೊಳ್ತಿದೆಯಾ?

ಯಜಮಾನರದ್ದೇ. ಹೇಳ್ತೀನಿ. ನಿನ್ನ ಎದುರಿಗೇ ಹೇಳ್ತೀನಿ, ಸ್ಪೀಕರ್ ಸರಿ ಇದೆ, ನಮ್ಮ ಹುಡುಗನ ಕೆಲಸ ಅಪ್ಪಟ ಚಿನ್ನ, ಹಾಳಾಗಿರೋದು ನಾನು ಅಂತ. ಇಲ್ಲೇ ಕೂತು ಕೇಳು.

ಹಲೋ... ಹಾಂ ಸರ್, ಇಲ್ಲೇ ಇದ್ದೆ ಸರ್. ಹೂಂ, ಎರಡನ್ನೂ ಕೇಳಿ ನೋಡ್ದೆ. ಅದೇ ಸರ್, ಒಂದು ವಿಷಯ ಹೇಳ್ಬೇಕಿತ್ತು... ಹಾಂ? ಆ ಹುಡುಗಿನಾ? ಮತ್ತೆ ನನ್ನ ಹತ್ರಾನೇ ಮಾಡಿಸ್ಬೇಕು ಅಂದ್ಲಾ? 'ಅವರ ಕಿವಿ ಮೇಲೆ ನಂಬಿಕೆ ಇದೆ' ಅಂತ ಅಂದ್ಲಾ ಸರ್?... ದೊಡ್ಡ ಮಾತು. ಇಲ್ಲ ಇಲ್ಲ, ಬೇರೆಯೋರು ಬೇಡ, ನಾನೇ ಮಾಡ್ತೀನಿ. ಸ್ಪೀಕರಾ? ಹೂಂ... ಹೊಸದೇ ಇರ್ಲಿ ಸರ್. ಹೌದು. ತುಂಬಾ ವ್ಯತ್ಯಾಸ ಇದೆ ಸರ್.

...ಚೀಲ ಯಾಕೆ ತಗೊಂಡೆ? ಕೂತ್ಕೊಳ್ಳೋ. ನಾಳೆ ಹೇಳ್ತೀನಿ, ನಾಳೆ ನಾನೇ ಹೋಗಿ ಖಂಡಿತ... ಲೋ! ನಿಮ್ಮಕ್ಕ ಬಂದು ತಮ್ಮ ಎಲ್ಲಿ ಅಂದ್ರೆ ಏನ್ ಹೇಳ್ಲಿ? ಬಾಗಿಲಲ್ಲಾದ್ರೂ ನಿಲ್ಲು. ಒಂದ್ ಮಾತು ಬೈದು ಹೋಗೋ. ಅದು ನನಗೆ ಕೇಳಿಸುತ್ತೆ ಕಣೋ.